ನೇರಳೆ ಬಣ್ಣದ ಎಣ್ಣೆ

ಕುಂಬ್ಡಾಜೆಯ ಶಾಲೆಗೆ ನಾನು ಟೀಚರಾಗಿ ಸೇರಿದ ಹೊಸತು. ಬೋರ್ಡಿನಲ್ಲಿ ಬರೆಯಲು ಕೈ ಎತ್ತಿದಾಗ ಮುಂದಿನ ಬೆಂಚಿನ ಹುಡುಗಿಯೊಬ್ಬಳು, "ಟೀಚರ್, ನಿಮ್ಮ ಕೈಯಿಂದ ಎಂತದೋ ಉದುರ್ತಾ ಉಂಟು" ಎಂದಳು. ಸೀಮೆಸುಣ್ಣದ ಹುಡಿ ಎಂದೆ. ಅದು ಸೀಮೆಸುಣ್ಣವಾಗಿರಲಿಲ್ಲ. ಮೊಣಕೈಯ ಕೆಂಪು ಕಲೆಯಿಂದ ಬಿಳಿ ಹೊಟ್ಟು ಉದುರುತ್ತಿತ್ತು.

ಆ ಹೊಟ್ಟನ್ನು ನಾನು ಚಿಕ್ಕವಳಿದ್ದಾಗಲೇ ನೋಡಿದ್ದೆ. ಅಪ್ಪನ ಅಕ್ಕ, ನಾನು ದೊಡ್ಡತ್ತೆ ಎನ್ನುತ್ತಿದ್ದವರು, ನಮ್ಮ ಕೊಟ್ಟಿಗೆಗೆ ತಾಗಿದ ಕೋಣೆಯಲ್ಲಿ ಒಬ್ಬರೇ ಇದ್ದರು. 'ದೊಡ್ಡ ರೋಗ' ಎಂದು ಗಂಡನ ಮನೆಯವರು ತಂದು ಬಿಟ್ಟು ಹೋಗಿದ್ದರು. ಕುಷ್ಠ ಎಂಬ ಶಬ್ದವನ್ನು ಮನೆಯಲ್ಲಿ ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಅಮ್ಮ ಊಟವನ್ನು ಬಾಳೆಲೆಯಲ್ಲಿ ತಂದು ಹೊಸ್ತಿಲ ಹೊರಗಿಟ್ಟು ಸರಿದುಬಿಡುತ್ತಿದ್ದರು. ಅತ್ತೆ ಗುಡಿಸಿ ಹೊರಹಾಕಿದ ಹೊಟ್ಟಿಗೆ ಅಮ್ಮ ತರಗೆಲೆ ಸೇರಿಸಿ ಬೆಂಕಿ ಕೊಡುತ್ತಿದ್ದರು. ನಾನು ಹೈಸ್ಕೂಲಿನಲ್ಲಿರುವಾಗ ಅತ್ತೆ ತೀರಿಕೊಂಡರು.

ರವಿಕೆಯ ತೋಳನ್ನು ಮೊಣಕೈ ಮುಚ್ಚುವಷ್ಟು ಉದ್ದ ಹೊಲಿಸಿಕೊಂಡೆ. ಕಲೆ ಮುಂಗೈಗೂ ಇಳಿದ ಮೇಲೆ ಮಂಗಳೂರಿನ ಚರ್ಮದ ಡಾಕ್ಟರಲ್ಲಿಗೆ ಹೋದೆ.

"ಮನೆಯಲ್ಲಿ ಬೇರೆ ಯಾರಿಗಾದ್ರೂ ಇತ್ತಾ?"

ಅತ್ತೆಯ ವಿಷಯ ಹೇಳಿದೆ. ಅವರ ಬೆರಳು ಮರಗಟ್ಟಿತ್ತೋ, ಮೈಯಲ್ಲಿ ಗಾಯ ಇತ್ತೋ ಎಂದು ಡಾಕ್ಟರು ಕೇಳಿದರು. ಇಲ್ಲ, ಹೊಟ್ಟು ಮಾತ್ರ ಎಂದೆ.

"ಹಾಗಾದ್ರೆ ಅವರಿಗೂ ಇದೇ ಇದ್ದಿರಬೇಕು. ಸೋರಿಯಾಸಿಸ್. ಇದು ಅಂಟುವ ರೋಗ ಅಲ್ಲ."

ಸಂಜೆ ಮನೆಗೆ ಬಂದು ಅಮ್ಮನಿಗೆ ಅಷ್ಟನ್ನೂ ಹೇಳಿದೆ. ಒಲೆಯ ಮೇಲೆ ಅನ್ನ ತಳಹಿಡಿಯಿತು.

ಡಾಕ್ಟರು ಎರಡು ಮುಲಾಮು ಕೊಟ್ಟಿದ್ದರು. ಒಂದು ಬಿಳಿಯದು, ಸ್ಟಿರಾಯ್ಡಿನದು, ಇನ್ನೊಂದು ಡಾಂಬರಿನದು. ಯಾವುದು ವಾಸಿ ಎಂದು ತಿಳಿಯಲು ಎಡ ಮೊಣಕೈಗೆ ಬಿಳಿಯದನ್ನೂ ಬಲಕ್ಕೆ ಡಾಂಬರಿನದನ್ನೂ ಹಚ್ಚಿದೆ. ಎಡಗೈ ಬೇಗನೆ ನುಣುಪಾಯಿತು. ನಿಲ್ಲಿಸಿದ್ದೇ ಕಲೆ ಮೊದಲಿಗಿಂತ ಕೆಂಪಾಗಿ, ಅಗಲವಾಗಿ ಮರಳಿ ಬಂತು. ಡಾಂಬರಿನದು ಸೀರೆಗೆಲ್ಲ ಕಲೆ ಮಾಡಿತು, ಬಸ್ಸಿನಲ್ಲಿ ಪಕ್ಕದವರು ಮೂಗು ಮುಚ್ಚಿಕೊಂಡರು. ಆದರೆ ದಪ್ಪ ಹೊಟ್ಟು ನಿಧಾನಕ್ಕೆ ಕಳಚಿತು. ಅಷ್ಟರಲ್ಲಿ ಬೆನ್ನಿನಲ್ಲೂ ಕಲೆಗಳು ಎದ್ದವು.

ಒಂದು ಬೆಳಿಗ್ಗೆ ಬಾವಿಕಟ್ಟೆಯ ಮೇಲೆ, ಬಿಸಿಲಿನಲ್ಲಿ, ಗಾಜಿನ ಬಾಟಲಿಯೊಂದು ಕಂಡಿತು. ಒಳಗೆ ತೆಂಗಿನೆಣ್ಣೆಯಲ್ಲಿ ಮುಳುಗಿದ ಸೊಪ್ಪು. ಎಣ್ಣೆ ನೇರಳೆ ಬಣ್ಣಕ್ಕೆ ತಿರುಗಿತ್ತು. ಅತ್ತೆಯ ಕೋಣೆಯ ಕಿಟಕಿಯಲ್ಲಿ ಅಂಥದೇ ಬಾಟಲಿ ಇರುತ್ತಿತ್ತು.

"ದಂತಪಾಲೆ ಸೊಪ್ಪು" ಎಂದರು ಅಮ್ಮ ಹಿಂದಿನಿಂದ. "ಅವರು ಹಚ್ಚಿಕೊಳ್ತಿದ್ದದ್ದು ಇದನ್ನೇ."

"ಅವರಿಗೆ ಸೊಪ್ಪು ಯಾರು ತಂದು ಕೊಡ್ತಿದ್ದದ್ದು?"

"ನಾನೇ. ಕಿಟಕಿಯಿಂದ ಒಳಗೆ ಬಿಸಾಡ್ತಿದ್ದೆ." ಬಾಟಲಿಯನ್ನು ಬಿಸಿಲಿಗೆ ತಿರುಗಿಸಿಡುತ್ತ, "ಬೆನ್ನಿಗೆ ಅವರ ಕೈ ಎಟಕ್ತಿರಲಿಲ್ಲ. ಹಚ್ಚಿ ಕೊಡ್ತೀಯಾ ಅಂತ ಒಮ್ಮೆ ಕೇಳಿದ್ರು. ನಾನು ಕೇಳಿಸದವಳ ಹಾಗೆ ಬಂದುಬಿಟ್ಟೆ" ಎಂದರು.

ಅವತ್ತಿನಿಂದ ಸಂಜೆ ಸಂಜೆ ಅಮ್ಮ ಬರಿಗೈಯಲ್ಲಿ ನನ್ನ ಬೆನ್ನಿಗೆ ಎಣ್ಣೆ ಹಚ್ಚತೊಡಗಿದರು. ಬೇಡ, ನಾನೇ ಹೇಗಾದರೂ ಹಚ್ಚಿಕೊಳ್ಳುತ್ತೇನೆ ಎಂದರೆ ಕೇಳುತ್ತಿರಲಿಲ್ಲ. ಎಣ್ಣೆ ಕಲೆಯನ್ನು ಅಳಿಸಲಿಲ್ಲ. ತುರಿಕೆ ತಗ್ಗಿತು, ಚರ್ಮ ಬಿರಿಯುವುದು ನಿಂತಿತು. ಕೊನೆಗೆ ಮೊಣಕೈಗೆ ಡಾಂಬರಿನದು, ಬೆನ್ನಿಗೆ ಎಣ್ಣೆ ಎಂದು ಖಾಯಂ ಆಯಿತು. ಬಿಳಿ ಮುಲಾಮನ್ನು ಡಾಕ್ಟರು ಹೇಳಿದಾಗ ಮಾತ್ರ ಮುಟ್ಟಿದೆ. ರೋಗ ಹೋಗಲಿಲ್ಲ, ಬಂದು ಹೋಗಿ ಮಾಡಿತು.

ಕೆಲವು ವರ್ಷಗಳ ಮೇಲೆ ಒಂದು ಸಂಜೆ, ಬೆನ್ನ ಮೇಲೆ ಓಡಾಡುತ್ತಿದ್ದ ಕೈ ಮೆತ್ತಗಾಯಿತು. ಅಮ್ಮನಿಗೆ ಮರೆವಿನ ಕಾಯಿಲೆ ಇರಲಿಲ್ಲ, ಜ್ವರವೂ ಇರಲಿಲ್ಲ.

"ಅತ್ತಿಗೆ, ಉರಿ ಉಂಟಾ?" ಎಂದು ಕೇಳಿದರು.

ಅಮ್ಮ ಅತ್ತಿಗೆ ಎನ್ನುತ್ತಿದ್ದದ್ದು ದೊಡ್ಡತ್ತೆಯನ್ನು ಮಾತ್ರ. ತಿರುಗಿ ನೋಡಲು ಧೈರ್ಯವಾಗಲಿಲ್ಲ. ಕೈ ಉತ್ತರಕ್ಕೆ ಕಾಯುತ್ತಿರುವುದು ಚರ್ಮಕ್ಕೆ ಗೊತ್ತಾಗುತ್ತಿತ್ತು.

"ಇಲ್ಲ," ಎಂದೆ. "ಈಗ ತಂಪುಂಟು."

ಅಮ್ಮ ನಿಟ್ಟುಸಿರುಬಿಟ್ಟು ಕೆಳಗಿನ ಕಲೆಗೆ ಎಣ್ಣೆ ಹಚ್ಚಿದರು.