ಡಾಂಗ್‌ಡುಟ್ ಹಾಡಿಗೆ ಅತ್ತೆ ಸಿಕ್ಕಿಸಿದ ನೋಟು

“ಇವಳು ಡಿಗ್ರಿ ಮುಗ್ಸದು ಆಗದ ಮಾತು” ಎಂದವರು ಹೊಸನಗರದ ನಮ್ಮ ಸೋದರಮಾವ. ನಮ್ಮ ಮನೆಯಲ್ಲಿ ಅಲ್ಲಿಯವರೆಗೆ ಯಾರೂ ಕಾಲೇಜಿನ ಮೆಟ್ಟಿಲು ಹತ್ತಿರಲಿಲ್ಲ. ಸಾಗರದಲ್ಲಿ ಬಿ.ಎ. ಕೊನೆಯ ಸೆಮಿಸ್ಟರ್‌ಗೆ ಬಂದಾಗ ನನ್ನ ಪ್ರಾಜೆಕ್ಟಿನ ವಿಷಯ ಕೇಳಿ ಅವರು ಇನ್ನೊಮ್ಮೆ ನಕ್ಕರು. “ಎಂತದು, ಇಂಡೋನೇಷ್ಯಾದ ಆರ್ಕೆಸ್ಟ್ರಾನಾ? ನೀ ಶಿವಮೊಗ್ಗ ದಾಟಿದ್ಯೇನೇ?”

ದಾಟಿರಲಿಲ್ಲ. ಆದರೆ ಕಾಲೇಜಿನ ಬಸ್ಸಿನಲ್ಲಿ ಮೊಬೈಲ್ ನೋಡುತ್ತಾ ಡಾಂಗ್‌ಡುಟ್ ಹಾಡುಗಳಿಗೆ ಮನಸೋತಿದ್ದೆ. ಇಂಡೋನೇಷ್ಯಾದ ಹಳ್ಳಿಗಳಲ್ಲಿ ಮದುವೆ ಎಂದರೆ ಆ ಹಾಡು ಬೇಕೇ ಬೇಕು. ಚರ್ಮವಾದ್ಯದ ‘ಡಾಂಗ್’, ‘ಡುಟ್’ ಎಂಬ ಸದ್ದಿನಿಂದಲೇ ಅದಕ್ಕೆ ಆ ಹೆಸರು. ನಮ್ಮ ಹಳೆಯ ಹಿಂದಿ ಸಿನಿಮಾ ಹಾಡುಗಳ ಧಾಟಿ ಅದರಲ್ಲಿ ಸಲೀಸಾಗಿ ಸೇರಿಕೊಂಡಿದೆ. ಅದನ್ನೇ ಬರೆದೆ.

ಪ್ರಾಜೆಕ್ಟ್ ಮಂಡಿಸುವ ದಿನ ಮನೆಯವರೂ ಬರಬಹುದು ಎಂದು ಕಾಲೇಜಿನಲ್ಲಿ ಹೇಳಿದ್ದರು. ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡಿ ನನ್ನನ್ನು ಓದಿಸಿದ, ನಮ್ಮ ಅಪ್ಪನ ಅಕ್ಕ ಗಿರಿಜತ್ತೆ ರಜೆ ಹಾಕಿ ಬಂದು ಮುಂದಿನ ಸಾಲಿನಲ್ಲೇ ಕುಳಿತರು. ಹೊರಗಿನಿಂದ ಬಂದಿದ್ದ ಪರೀಕ್ಷಕರು ನಗುವವರಲ್ಲ. ಅವರು ಒಪ್ಪದಿದ್ದರೆ ಡಿಗ್ರಿ ಅಲ್ಲಿಗೇ ನಿಲ್ಲುತ್ತಿತ್ತು.

ತಾಳ ಹೇಗಿರುತ್ತದೆ ಎಂದು ತೋರಿಸಲು ಮೇಜು ತಟ್ಟುತ್ತಾ, ಕಣ್ಣು ಮುಚ್ಚಿ ಎರಡು ಸಾಲು ಹಾಡಿದೆ. ಕಣ್ಣು ಬಿಟ್ಟರೆ ಅತ್ತೆ ನನ್ನ ಎದುರಿಗೇ ನಿಂತಿದ್ದಾರೆ! ಬಳೆಗೆ ಸಿಕ್ಕಿಸಿಕೊಂಡಿದ್ದ ಪಿನ್ನು ತೆಗೆದು, ನನ್ನ ದುಪಟ್ಟಾಕ್ಕೆ ಐವತ್ತರ ನೋಟು ಚುಚ್ಚಿಯೇಬಿಟ್ಟರು. ನಮ್ಮ ಕಡೆ ಯಕ್ಷಗಾನದ ಆಟದಲ್ಲಿ, ಆರ್ಕೆಸ್ಟ್ರಾದಲ್ಲಿ ಮೆಚ್ಚಿದವರು ಮಾಡುವುದು ಹಾಗೆಯೇ. ಹಿಂದಿನ ಬೆಂಚಿನಿಂದ ಯಾರೋ ಸಿಳ್ಳೆ ಹಾಕಿದರು.

ಪರೀಕ್ಷಕರು ಪೆನ್ನು ಕೆಳಗಿಟ್ಟರು. “ಏನ್ರೀ ಇದು? ಪರೀಕ್ಷೆನೋ, ಸಂತೆನೋ? ನಿಲ್ಲಿಸಿ!”

ಅತ್ತೆಯ ಮುಖ ಬಾಡಿತು. “ತಪ್ಪಾತೇನೇ?” ಎಂದು ಮೆಲ್ಲಗೆ ಕೇಳಿದರು.

ಅತ್ತೆ ನೋಟು ಬಿಚ್ಚಲು ಕೈ ಹಾಕಿದಾಗ ತಡೆಯಲಾಗಲಿಲ್ಲ. “ಬಿಚ್ಬೇಡ, ಇರು ಅತ್ತೆ” ಎಂದು ಮುಂದಿನ ಸ್ಲೈಡ್ ಒತ್ತಿದೆ. ಜಾವಾದ ಒಂದು ಮದುವೆಯ ವೇದಿಕೆ. ವಯಸ್ಸಾದ ಹೆಂಗಸೊಬ್ಬರು ಹಾಡುಗಾರ್ತಿಯ ಕೈಗೆ ನೋಟು ಕೊಡುತ್ತಿರುವ ಚಿತ್ರ.

“ಸರ್, ಇದಕ್ಕೆ ಅಲ್ಲಿ ‘ಸಾವೆರಾನ್’ ಅಂತಾರೆ. ಡಾಂಗ್‌ಡುಟ್ ಕೇಳೋಕೆ ಬಂದವರು ಸುಮ್ಮನೆ ಕೂರಲ್ಲ. ಮೆಚ್ಚಿದ್ರೆ ವೇದಿಕೆಗೇ ಬಂದು ನೋಟು ಕೊಡ್ತಾರೆ. ನನ್ನ ಕೊನೆ ಅಧ್ಯಾಯ ಇದರ ಮೇಲೇ.”

ಅವರು ಚಿತ್ರ ನೋಡಿದರು, ಅತ್ತೆಯನ್ನು ನೋಡಿದರು. “ಏನಮ್ಮಾ, ಇವರು ನಿಮಗೆ ಮೊದಲೇ ಹೇಳಿಕೊಟ್ಟಿದ್ರಾ?”

“ಎಂತ ಹೇಳ್ಕೊಡದು ಸಾರ್? ಹಾಡು ಒಂದಕ್ಷರ ತಿಳೀಲಿಲ್ಲ. ಹುಡುಗಿ ಬೆವರು ಸುರ್ಸಿ ಹಾಡ್ತಾ ಐತೆ, ನಿಮ್ಮ ಹಂಗೆ ಮುಖ ಗಂಟು ಹಾಕ್ಕಂಡು ಕೂತ್ಕಳಕ್ಕಾಗ್ತದಾ?”

ಸಭಾಂಗಣವೆಲ್ಲ ನಕ್ಕಿತು. ಕೊನೆಗೆ ಪರೀಕ್ಷಕರೂ ನಕ್ಕರು. “ಮುಂದುವರಿಸಿ. ಇನ್ನೆರಡು ಸಾಲು ಹಾಡಿ” ಎಂದರು.

ಪಾಸಾದೆ, ಒಳ್ಳೆಯ ಅಂಕದಲ್ಲೇ. ಅತ್ತೆ ಎದ್ದು ಬಂದ ಆ ಗಳಿಗೆಯಲ್ಲಿ ನಾಚಿಕೆಯೂ ಹೆಮ್ಮೆಯೂ ಒಟ್ಟಿಗೇ ನುಗ್ಗಿದ್ದವು. ಈಗ ಉಳಿದಿರುವುದು ಹೆಮ್ಮೆ ಮಾತ್ರ.

ಪದವಿ ಪ್ರಮಾಣಪತ್ರ ಕೊಟ್ಟ ದಿನ ಅದನ್ನು ನೇರವಾಗಿ ಒಯ್ದು ಅತ್ತೆಯ ಕೈಗಿಟ್ಟೆ. ಅವರು ಸೆರಗಿಗೆ ಕೈ ಒರೆಸಿಕೊಂಡು ತೆಗೆದುಕೊಂಡರು, ಹಿಂದೆ ಮುಂದೆ ತಿರುಗಿಸಿ ನೋಡಿದರು.

“ಇಷ್ಟು ವರ್ಷ ಓದಿದ್ದಕ್ಕೆ ಇಷ್ಟು ತೆಳು ಕಾಗ್ದನೇನೇ? ಹೋಗ್ಲಿ ಬಿಡು. ಗಟ್ಟಿ ಇರ್ಬೇಕಾದ್ದು ನೀನು.”