ನಮ್ಮ ಬೀದಿಯ ನೀರು ಕುಡಿದ ಬೇವು

ಮೊನ್ನೆ ಬಾಲ್ಕನಿಯ ಕರಿಬೇವಿನ ಕುಂಡಕ್ಕೆ ನೀರು ಹಾಕುವಾಗ, ಎಲೆಗಳ ಅಂಚು ಬೆಂಕಿ ತಾಕಿದಂತೆ ಕಂದಿದ್ದು ಕಂಡೆ. ಅಂಥ ಎಲೆಯನ್ನು ನನಗೆ ಮೊದಲು ತೋರಿಸಿದವರು ನಮ್ಮ ಟೀಚರಮ್ಮ...

ತಿರುಪ್ಪೂರಿನಲ್ಲಿ ನಮ್ಮದು ನೇಕಾರರ ಬೀದಿ. ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ತಮಿಳು. ಟೀಚರಮ್ಮ ಅದೇ ಬೀದಿಯ ಮಗಳು, ವರಸೆಯಲ್ಲಿ ಅಮ್ಮನಿಗೆ ನಾದಿನಿ. ಅವರ ಅಣ್ಣ ಬೀದಿಯ ಕೊನೆಯಲ್ಲಿ ನೂಲಿಗೆ ಬಣ್ಣ ಹಾಕುವ ಪಟ್ಟರೆ, ಅಂದರೆ ಚಿಕ್ಕ ಕಾರ್ಖಾನೆ, ಇಟ್ಟಿದ್ದರು. ನಮ್ಮಪ್ಪನಿಗೆ ಅಲ್ಲೇ ಕೆಲಸ. ಅಪ್ಪನ ಉಗುರು ನೋಡಿಯೇ ಆ ವಾರ ಯಾವ ಬಣ್ಣದ ಸೀರೆ ಎಂದು ಅಮ್ಮ ಹೇಳಿಬಿಡುತ್ತಿದ್ದಳು.

ಶಾಲೆಯಲ್ಲಿ ಟೀಚರಮ್ಮ ನಮಗೆಲ್ಲ ಒಂದೊಂದು ಬೇವಿನ ಸಸಿ ಕೊಟ್ಟು, ಮನೆಯ ನೀರನ್ನೇ ಬಾಟಲಿಯಲ್ಲಿ ತಂದು ಹಾಕಲು ಹೇಳಿದರು. ಮಿಕ್ಕವರ ಸಸಿಗಳು ಚಿಗುರಿದವು. ನಮ್ಮ ಬೀದಿಯ ಮಕ್ಕಳವು ಮಾತ್ರ ಅಂಚು ಸುಟ್ಟು ಬಾಡಿದವು. ಟೀಚರಮ್ಮ ಪಾಠ ಹೇಳಲಿಲ್ಲ, ಬಾಟಲಿ ಬದಲಾಯಿಸಿಕೊಳ್ಳಿ ಎಂದರು, ಅಷ್ಟೆ. ನೋಡನೋಡುತ್ತ ನಮ್ಮವು ಚೇತರಿಸಿಕೊಂಡವು, ಮಿಕ್ಕವರವು ಕಂದಿದವು. ಪಟ್ಟರೆಯ ಬಣ್ಣದ ನೀರು ಇಳಿಯುತ್ತಿದ್ದ ಬೀದಿಯ ಬಾವಿ ನೀರನ್ನೇ ನಾವೂ ಕುಡಿಯುತ್ತಿದ್ದೆವಲ್ಲ...

ಅಂದು ಸಂಜೆ ಟೀಚರಮ್ಮ ಒಂದು ಸಸಿಯನ್ನು ತಮ್ಮ ಅಣ್ಣನ ಮುಂದಿಟ್ಟು, "ಬಣ್ಣದ್ ನೀರು ಸೋಸಿ ಬಿಡಿ ಅಣ್ಣಾ" ಎಂದು ಬೇಡಿಕೊಂಡರಂತೆ. ಅಲ್ಲೇ ಇದ್ದ ಅಪ್ಪ ಹೇಳಿದ್ದು. ಅಣ್ಣ ನಕ್ಕರಂತೆ: "ಗಿಡಕ್ಕೆ ಜ್ವರ ಬಂದ್ರೆ ಡಾಕ್ಟ್ರತ್ರ ಕರ್ಕೊಂಡ್ ಹೋಗು ತಂಗೀ!"

ಆಮೇಲೆ ಶಾಲೆಗಳ ವಸ್ತುಪ್ರದರ್ಶನದಲ್ಲಿ ಚಿಗುರಿದ್ದೊಂದು, ಕಂದಿದ್ದೊಂದು, ಎರಡು ಸಸಿಗಳು ಅಕ್ಕಪಕ್ಕ ನಿಂತವು. ಕಂದಿದ್ದಕ್ಕೆ ಹಾಕಿದ್ದು ಎಲ್ಲಿಯ ನೀರು ಎಂದು ಅಧಿಕಾರಿಯೊಬ್ಬರು ಕೇಳಿದರು. ಟೀಚರಮ್ಮ ತಮ್ಮ ಬೀದಿಯ ಹೆಸರನ್ನೇ ಹೇಳಿದರು. ಪಟ್ಟರೆಗೆ ಬೀಗ ಬಿತ್ತು. ಅಪ್ಪ ಮನೆಯಲ್ಲಿ ಕೂತರು. ಅದೇ ವರ್ಷ ಮಕ್ಕಳಿಗೆ ಪರಿಸರದ ಪಾಠ ಕಲಿಸಿದ್ದಕ್ಕಾಗಿ ಟೀಚರಮ್ಮನಿಗೆ ಪ್ರಶಸ್ತಿಯೂ ಬಂತು.

ಮೈಸೂರುಪಾಕಿನ ಡಬ್ಬಿ ಹಿಡಿದು ಮನೆಮನೆಗೂ ಬಂದರು. ಅಮ್ಮ ಬಾಗಿಲಿಗೆ ಅಡ್ಡ ನಿಂತಳು.

"ನಮ್ ಪೊಳಪ್ಪಿಗೆ, ಹೊಟ್ಟೆಪಾಡಿಗೆ ಮಣ್ಣು, ಬಾಯಿಗೆ ಸಕ್ಕರೆನಾ ನಾದಿನೀ? ತುಂಬಾ ಚೆನ್ನಾಗೈತೆ!"

"ಪಟ್ಟರೆ ಮುಚ್ಚಿ ಅಂತ ನಾನ್ ಅನ್ಲಿಲ್ಲ ಅತ್ತಿಗೆ... ಮಕ್ಕಳು ಕುಡಿಯೋ ನೀರು ಅದು."

ಅಮ್ಮ ಬಾಗಿಲು ಹಾಕಿಕೊಂಡಳು. ಬೀದಿಯಲ್ಲಿ ಒಬ್ಬರೂ ಆ ಸಿಹಿ ಮುಟ್ಟಲಿಲ್ಲ. ಟೀಚರಮ್ಮ ವರ್ಗ ಕೇಳಿಕೊಂಡು ಗಂಡನ ಜೊತೆ ಧಾರಾಪುರಕ್ಕೆ ಹೊರಟುಹೋದರು. ಮತ್ತೆ ಹಬ್ಬಕ್ಕೂ ಬರಲಿಲ್ಲ. ಬನ್ನಿ ಎಂದು ಯಾರೂ ಕರೆಯಲೂ ಇಲ್ಲ.

ಈಗ ಆ ಬಾವಿಗೆ ಕಲ್ಲು ಮುಚ್ಚಿದ್ದಾರೆ. ಬೀದಿಯವರು ಕ್ಯಾನಿನ ನೀರು ಕೊಂಡು ಕುಡಿಯುತ್ತಾರೆ. ಟೀಚರಮ್ಮ ತೀರಿಕೊಂಡ ಸುದ್ದಿ ಕೊಯಮತ್ತೂರಿನಲ್ಲಿರುವ ನನಗೆ ತಲುಪಿದ್ದು ಎಲ್ಲ ಮುಗಿದ ಮೇಲೆ, ಅವರ ಜೊತೆ ಪಾಠ ಮಾಡಿದವರೊಬ್ಬರಿಂದ. ಅಮ್ಮನಿಗೆ ಫೋನು ಮಾಡಿದೆ. ಅವಳು ಮಗ್ಗದ ಮೇಲೆಯೇ ಇದ್ದಳು, ಸದ್ದು ಕೇಳುತ್ತಿತ್ತು. ವಿಷಯ ಹೇಳಿದೊಡನೆ ನಿಂತಿತು.

ನಮ್ಮಲ್ಲಿ ಹೆಣ್ಣುಮಗಳು ಹೋದರೆ ಕೊನೆಯ ಸೀರೆಯನ್ನು ತವರಿನವರೇ ತಂದು ಹೊದಿಸಬೇಕು. ಅಮ್ಮ ಬೇರೇನೂ ಕೇಳಲಿಲ್ಲ.

"ಸೀರೆ ಯಾರ್ ಹಾಕಿದ್ರಂತೆ ಕಣ್ಣೂ?"

ಟೀಚರಮ್ಮನ ಅಣ್ಣ ಹೋಗಿರಲಿಲ್ಲ. ಬೀದಿಯಿಂದ ಯಾರೂ ಹೋಗಿರಲಿಲ್ಲ. ಗಂಡನ ಕಡೆಯವರೇ ಅಂಗಡಿಯದೊಂದನ್ನು ತಂದು ಹೊದಿಸಿದರಂತೆ ಎಂದೆ.

ಮಗ್ಗದ ಸದ್ದು ಮತ್ತೆ ಕೇಳಿಸಲಿಲ್ಲ...