ಬೇರೆ ಟೇಪಿನ ಹೆಡ್ಡು

ಬಳ್ಳಾರಿಯಲ್ಲಿ ನಮ್ಮ ಓಣಿಯ ಟೇಪ್‌ರೆಕಾರ್ಡರ್ ರಿಪೇರಿಯವರು ಬೇರೆ ಕಂಪನಿಯ ಭಾಗ ಹಾಕಿದಾಗೆಲ್ಲ ಮೊದಲು ತಮ್ಮದೇ ಹಳೆಯ ಹಾಡಿನ ಕ್ಯಾಸೆಟ್ ಓಡಿಸಿ ನೋಡುತ್ತಿದ್ದರು. “ಕುಂತೈತಿ ಅಂದ್ರ ಹೊಂದೈತಿ ಅಂತಲ್ಲ” ಎನ್ನುತ್ತ ಸ್ಕ್ರೂಡ್ರೈವರನ್ನು ಕಿವಿಯ ಹಿಂದೆ ಸಿಕ್ಕಿಸಿಕೊಳ್ಳುತ್ತಿದ್ದರು.

ನಾನು ನನ್ನ ರೇಡಿಯೊಗಾಗಿ ಕಾಯುತ್ತಿದ್ದ ದಿನ, ಸಿರಿಗೇರಿಯ ಒಬ್ಬರು ಅಂಗಡಿಯಲ್ಲಿ ಕ್ಯಾಸೆಟ್ ಹಿಡಿದು ನಿಂತಿದ್ದರು. ಅದರ ಮೊದಲಿಗೇ, ತೀರಿಹೋದ ಅವರ ಮಗಳು ಆಡಿದ ನಾಲ್ಕು ಮಾತುಗಳಿದ್ದವು. ಅವರ ಟೇಪ್‌ರೆಕಾರ್ಡರಿನಲ್ಲಿ ಕ್ಯಾಸೆಟ್ಟಿನ ದನಿ ಹಿಡಿಯುವ ಹೆಡ್ಡು ಕೆಟ್ಟಿತ್ತು. ಅದೇ ಕಂಪನಿಯದು ಸಿಗದೆ ರಿಪೇರಿಯವರು ಬೇರೆಯದನ್ನು ಕೂರಿಸಿದ್ದರು.

“ತಡೀರಿ, ಮೊದ್ಲು ನನ್ನ ಕ್ಯಾಸೆಟ್ ಹಾಕ್ತೀನಿ.”

“ಪರೀಕ್ಷಿ ಮಾಡಾಕ ನೀವೇನು ಸಾಲಿ ಮಾಸ್ತರೇನ್ರಿ? ಬಸ್ಸು ಹೋಗ್ತೈತಿ. ಒಮ್ಮಿ ಆಕಿ ದನಿ ಕೇಳಸ್ರಿ, ಸಾಕು.”

ರಿಪೇರಿಯವರು ನಕ್ಕು ಮಗಳ ಕ್ಯಾಸೆಟ್ಟನ್ನೇ ಹಾಕಿದರು. ದನಿ ಬರಲಿಲ್ಲ. ಬರೀ ಸುಯ್ ಎಂಬ ಸದ್ದು. ರಿಪೇರಿಯವರು ಬಗ್ಗಿ ನೋಡಿದರು. ಹೊಸ ಹೆಡ್ಡಿನ ಜೊತೆಗಿದ್ದ, ದನಿ ಅಳಿಸುವ ಅಯಸ್ಕಾಂತ ಹಿಂದೆ ಸರಿಯದೆ ಕ್ಯಾಸೆಟ್ಟಿನ ಸುರುಳಿಗೆ ಒತ್ತಿಕೊಂಡಿತ್ತು. ಆ ನಾಲ್ಕು ಮಾತು ಅಳಿಸಿಹೋಗಿದ್ದವು. ರಿಪೇರಿಯವರ ಬೆರಳು ನಿಲ್ಲಿಸುವ ಗುಂಡಿಯ ಮೇಲೆ ಹೋಗಿ ನಿಂತಿತು.

“ಬಂದ್ ಮಾಡಬ್ಯಾಡ್ರಿ,” ಎಂದರು ತಂದೆ, ಟೇಪಿಗೆ ಕಿವಿ ಹಚ್ಚಿ. “ಉಸುರು ಎಳ್ಕೊಳ್ಳಾಕತ್ತಾಳ. ಈಗ ಮಾತಾಡ್ತಾಳ.”

ರಿಪೇರಿಯವರು ಬೆರಳು ತೆಗೆದರು.